ಹನ್ನೊಂದು ಹುಚ್ಚಿಗೆ ಒಂದೇ ಗೆರೆ

ನನ್ನ ಮೊಮ್ಮಗಳಿಗೆ ಹುಚ್ಚು. ಗಾಬರಿ ಬೀಳಬೇಡಿ, ಒಂದೇ ಒಂದಾಗಿದ್ದರೆ ನಾನೂ ಬೀಳುತ್ತಿದ್ದೆ. ಹನ್ನೊಂದಿವೆ! ಒಂದು ಹುಚ್ಚಿದ್ದವರನ್ನು ಪೂಜಾರಿಯ ಹತ್ತಿರ ಕರೆದುಕೊಂಡು ಹೋಗಿ ತಾಯತ ಕಟ್ಟಿಸಬಹುದು. ಹನ್ನೊಂದಕ್ಕೆ ಕಟ್ಟಿಸಲು ಮೈಮೇಲೆ ಜಾಗವೆಲ್ಲಿದೆ?

ಅವಳ ಹೆಸರು ಬರೆಯುವ ಹಾಗಿಲ್ಲ. "ನನ್ ಎಸ್ರು ಆಕುದ್ರೆ ನಿನ್ ಕನ್ನಡ್ಕದ ಕಡ್ಡಿ ವಾಪಸ್ ಕೊಡಾಕಿಲ್ಲ ಕಣಜ್ಜಿ" ಎಂದು ಅಪ್ಪಣೆಯಾಗಿದೆ. ಮುರಿದ ಕಡ್ಡಿ ಅವಳ ಕೈಯಲ್ಲಿದೆ. ಹಾಗಾಗಿ ಕನ್ನಡಕವನ್ನು ಒಂದೇ ಕಿವಿಗೆ ಸಿಕ್ಕಿಸಿಕೊಂಡು, ಕೋಳಿ ನೋಡುವಂತೆ ತಲೆ ವಾಲಿಸಿಕೊಂಡು ಬರೆಯುತ್ತಿದ್ದೇನೆ. ಸಾಲುಗಳು ಓರೆಯಾಗಿದ್ದರೆ ಅದಕ್ಕೂ ಅವಳೇ ಕಾರಣ!

ನಾನು ದೊಡ್ಡ ಓದಿನವಳಲ್ಲ. ಮೂರನೇ ಕ್ಲಾಸು, ಅದೂ ಅರ್ಧ. ನಮ್ಮದು ಜೀರಹಳ್ಳಿಯಿಂದ ಮೇಲಕ್ಕೆ, ಕಾಡಿಗೆ ಬೆನ್ನು ಕೊಟ್ಟು ಕೂತ ಒಂದು ಕೇರಿ; ಗಡಿಯ ತಮಿಳು ಸೀಮೆಗೆ ಸೇರಿದ್ದು. ಇರುವುದು ಮುಕ್ಕಾಲು ಎಕರೆ ಮಳೆಹೊಲ. ಉಳಿದಂತೆ ಐವತ್ತು ವರ್ಷ ಕಂಡವರ ಹೊಲದಲ್ಲಿ ಕಳೆ ಕಿತ್ತವಳು, ಕೋಸು ಕೊಯ್ದವಳು, ಚೆಂಡುಹೂ ಬಿಡಿಸಿದವಳು ನಾನು. ಒಂದೇ ಕೆಲಸವನ್ನು ಐವತ್ತು ವರ್ಷ ಮಾಡಿದವಳ ಮನೆಯಲ್ಲಿ, ಒಂದು ಕೆಲಸವನ್ನು ಐವತ್ತು ದಿನವೂ ಮಾಡದವಳು ಹುಟ್ಟಿದ್ದು ಹೇಗೆ ಎಂದು ನೀವೇ ಹೇಳಿ!

ಈ ಹುಡುಗಿಗೆ ಇಪ್ಪತ್ಮೂರು. ಶಾಲೆಯಲ್ಲಿ ಕಲಿತದ್ದು ತಮಿಳು, ಮನೆಯಲ್ಲಿ ಕಲಿತದ್ದು ಕನ್ನಡ. ಸುಮ್ಮನಿರುವುದನ್ನು ಎರಡು ಭಾಷೆಯಲ್ಲೂ ಕಲಿಯಲಿಲ್ಲ.

ಮೊದಲನೆಯ ಹುಚ್ಚು ಹೊಲಿಗೆ. ಆರು ವಾರ ಬಸ್ಸು ಹಿಡಿದು ತಾಳವಾಡಿಗೆ ಹೋಗಿ ಕಲಿತಳು. ಹಳೆಯ ಮಿಷನ್ನೊಂದು ಮನೆಗೆ ಬಂತು, ಅದಕ್ಕೆ ಅರಿಶಿನ ಕುಂಕುಮ ಇಟ್ಟೆವು. ನನ್ನ ಸೊಸೆ, ಅಂದರೆ ಅವಳವ್ವ, ತಮ್ಮನ ಮನೆಯ ಮದುವೆಗೆಂದು ಹೊಸ ರವಿಕೆ ಬಟ್ಟೆ ತಂದು ಮಗಳ ಮಡಿಲಿಗೆ ಹಾಕಿದಳು. ಹುಡುಗಿ ಬಟ್ಟೆ ಹಾಸಿದಳು, ಅಳೆದಳು, ಗೆರೆ ಎಳೆದಳು. ಅಷ್ಟರಲ್ಲಿ ಪಕ್ಕದ ಮನೆಯ ಮಾದಮ್ಮ ಬಾಗಿಲಿಗೆ ಬಂದಳು.

"ಅಮ್ಮಿ, ಈ ರವ್ಕೆ ಆಕುದ್ರೆ ಉಸ್ರು ಕಟ್ತದೆ ಕಣಮ್ಮಿ. ವಸಿ ಸಡ್ಲ ಮಾಡ್ಕೊಡು."

ಮುಗಿಯಿತು! ಹೊಸ ಬಟ್ಟೆ ಆ ಕಡೆ, ಮಾದಮ್ಮನ ಹಳೇ ರವಿಕೆ ಈ ಕಡೆ. ಅದು ಸಡಿಲವಾಯಿತು. ಸುದ್ದಿ ಹಬ್ಬಿತು. ಮದುವೆಯಾದ ದಿನದಿಂದ ಉಸಿರು ಬಿಗಿಹಿಡಿದುಕೊಂಡಿದ್ದ ಕೇರಿಯ ಹೆಂಗಸರೆಲ್ಲ ಒಂದೇ ತಿಂಗಳಲ್ಲಿ ಉಸಿರು ಬಿಟ್ಟರು. ಇನ್ನು ಸಡಿಲ ಮಾಡಲು ರವಿಕೆ ಉಳಿಯಲಿಲ್ಲ ಎಂದಾದ ದಿನ ಹುಚ್ಚೂ ಇಳಿಯಿತು. ಆ ಹೊಸ ಬಟ್ಟೆ ಗೆರೆಗಳ ಸಮೇತ ಈಗಲೂ ರಾಗಿಹಿಟ್ಟಿನ ಡಬ್ಬದ ಮೇಲೆ ಮುಚ್ಚಿಕೊಂಡಿದೆ. ಸೊಸೆ ಹಳೇ ರವಿಕೆಯಲ್ಲೇ ಮದುವೆಗೆ ಹೋದಳು. ಬೈದುಕೊಂಡೇ ಹೋದಳು. ಆದರೆ ಅದನ್ನೂ ಮಗಳು ಸಡಿಲ ಮಾಡಿದ್ದಳಲ್ಲ, ಎರಡು ಪಂಕ್ತಿಯಲ್ಲಿ ಊಟ ಮಾಡಿ ಬಂದಳು.

ಆಮೇಲೆ ಕೋಳಿ ವೈದ್ಯ. ಇದೇ ಮಾದಮ್ಮ ಒಂದು ಹುಂಜವನ್ನು ಮಾರಮ್ಮನಿಗೆ ಹರಕೆ ಬಿಟ್ಟಿದ್ದಳು. ಅದು ಯಾರದೋ ಬೈಕಿಗೆ ಸಿಕ್ಕಿ ಕಾಲು ಮುರಿದುಕೊಂಡಿತು. ಕುಂಟು ಕೋಳಿಯನ್ನು ದೇವರಿಗೆ ಕೊಡುವ ಹಾಗುಂಟೇ? ಊನವಿದ್ದದ್ದನ್ನು ಕೊಟ್ಟರೆ ಮಾರಮ್ಮ ಬಿಟ್ಟಾಳೆಯೇ? ಮಾದಮ್ಮ ಅಳುತ್ತಾ ಹುಂಜವನ್ನು ಸೆರಗಿನಲ್ಲಿ ಸುತ್ತಿಕೊಂಡು ತಂದಳು. ನಮ್ಮ ಹುಡುಗಿ ಬಿದಿರಿನ ಸೀಳು ಇಟ್ಟು, ಹಳೇ ಪಂಚೆಯ ಅಂಚಿನಿಂದ ಕಟ್ಟಿ, ಮೂರು ವಾರ ಅದನ್ನು ಕುಕ್ಕೆಯಲ್ಲಿ ಮಲಗಿಸಿ ಬಾಯಿಗೆ ಕಾಳಿಟ್ಟಳು. ನನಗೆ ಬಾಣಂತನದಲ್ಲೂ ಅಂಥ ಆರೈಕೆ ಸಿಕ್ಕಿರಲಿಲ್ಲ! ಹುಂಜ ಎದ್ದು ಪೊಲೀಸಿನವನಂತೆ ನಡೆಯಿತು. ಮಾದಮ್ಮ ಕೈಮುಗಿದು, "ಬಾ ಕಂದ, ಮಾರಮ್ಮ ಕಾಯ್ತಾವ್ಳೆ" ಎಂದು ಎತ್ತಿಕೊಳ್ಳಲು ಬಂದಳು. ಹುಡುಗಿ ಕುಕ್ಕೆಯ ಮೇಲೆ ಕೂತುಬಿಟ್ಟಳು.

"ಕೊಡಾಕಿಲ್ಲ. ಇದ್ ಕಾಲ್ ಸರಿ ಮಾಡುದ್ದು ಕುಯ್ಯಾಕಲ್ಲ."

"ಅಯ್ಯೋ ಪಾಪಿ! ಕಾಲ್ ಸರಿ ಮಾಡು ಅಂದ್ನಾ, ನ್ಯಾಯ ಏಳು ಅಂದ್ನಾ? ಏ ಅಜ್ಜಿ, ನಿನ್ ಮೊಮ್ಮಗ್ಳು ಮಾರಮ್ಮನ್ ಪಾಲ್ಗೇ ಕೈ ಆಕ್ತಾವ್ಳಲ್ಲಾ!"

ಪಂಚಾಯಿತಿ ಆಯಿತು. ಕೊನೆಗೆ ಮಾರಮ್ಮನಿಗೆ ನಮ್ಮ ಮನೆಯ ಬೇರೊಂದು ಹುಂಜ ಹೋಯಿತು, ಎರಡು ಕಾಲೂ ನೆಟ್ಟಗಿದ್ದದ್ದು. ಮೊದಲನೆಯದು ಈಗಲೂ ನಮ್ಮ ಜಗಲಿಯ ಮೇಲಿದೆ. ಮಟಮಟ ಮಧ್ಯಾಹ್ನ ಕೂಗುತ್ತದೆ. ಕಾಲನ್ನು ಸರಿ ಮಾಡಿದಳೇ ಹೊರತು ಹೊತ್ತನ್ನಲ್ಲ.

ಇದೆಲ್ಲ ಹೋಗಲಿ ಎಂದರೆ, ಪದದ ಹುಚ್ಚು ಒಂದಿತ್ತು ನೋಡಿ! ಮದುವೆಯಲ್ಲಿ ಹಸೆಗೆ ಕರೆಯುವಾಗ ನಾವು ಮುದುಕಿಯರು ಹಾಡುವ ಒಂದು ಸೋಬಾನೆ ಪದವಿದೆ. ನಮ್ಮಜ್ಜಿಯ ಕಾಲಕ್ಕೆ ಉದ್ದವಿತ್ತಂತೆ. ನಮ್ಮ ಕಾಲಕ್ಕೆ ಅರ್ಧ ಹರಿದುಹೋಗಿ, ಎರಡು ಸಾಲು ಹಾಡಿ "ಊಂ ಊಂ" ಎಂದು ಎಳೆದು ಮುಗಿಸುತ್ತಿದ್ದೆವು. ಹುಡುಗಿ ಇದನ್ನು ಕೇಳಿ, "ಇದೇನಜ್ಜಿ, ಪದಕ್ಕೆ ತೂತ್ ಬಿದ್ದದೆ" ಎಂದಳು. ಮಾರನೇ ದಿನವೇ ಹೊರಟಳು. ತಾಳಮಲೆಯ ಒಬ್ಬ ಮುದುಕಿಯಿಂದ ನಾಲ್ಕು ಸಾಲು, ಗುಮಟಾಪುರದ ಇನ್ನೊಬ್ಬಳಿಂದ ಎಂಟು ಸಾಲು, ಹಲ್ಲಿಲ್ಲದ ಬಾಯಿಗಳಿಂದ ಆರಿಸಿ ಆರಿಸಿ ತಂದು ಪದವನ್ನು ಇಡಿಯಾಗಿ ಹೊಲಿದುಬಿಟ್ಟಳು. ನಮಗೆಲ್ಲ ಬಾಯಿಪಾಠ ಮಾಡಿಸಿದಳು. ಮುಂದಿನ ಮದುವೆಯಲ್ಲಿ ಹಾಡಿದೆವು. ಹಾಡಿದೆವು, ಹಾಡಿದೆವು, ಹಾಡುತ್ತಲೇ ಇದ್ದೆವು! ಗಂಡಿನ ಕಡೆಯವರು ಆಕಳಿಸಿದರು. ಪೂಜಾರಿ ಮೂರು ಸಲ ಗಡಿಯಾರ ನೋಡಿ, "ಅಮ್ಮಣ್ಣಿಯರೇ, ಮುಹೂರ್ತ ಓಯ್ತದೆ, ದಮ್ಮಯ್ಯ" ಎಂದು ಕೈಮುಗಿದ. ಹಿರಿಯರು ಆ ಪದವನ್ನು ಯಾಕೆ ಮರೆತಿದ್ದರು ಎಂದು ನಮಗೆ ಆವತ್ತು ತಿಳಿಯಿತು. ಪದ ಸರಿಯಾದ ಮೇಲೆ ಹುಡುಗಿ ಅದನ್ನು ಒಂದು ದಿನವೂ ಹಾಡಲಿಲ್ಲ.

ಟಾರ್ಚು, ಛತ್ರಿ, ಮಿಕ್ಸಿ, ಔಷಧಿ ಹೊಡೆಯುವ ಡಬ್ಬ, ಗುಡಿಯ ಮೈಕು, ಇವುಗಳ ಕತೆ ಬರೆಯಲು ಕನ್ನಡಕಕ್ಕೆ ಎರಡು ಕಡ್ಡಿಯೂ ಬೇಕು. ಬಿಡಿ. ಆದರೆ ಬಿತ್ತನೆಯ ಹುಚ್ಚನ್ನು ಮಾತ್ರ ಹೇಳದೆ ಬಿಡುವುದಿಲ್ಲ. ಅದರಲ್ಲಿ ನನ್ನ ಹೊಟ್ಟೆ ಉರಿದಿದೆ!

ನಮ್ಮ ಕಡೆ ರಾಗಿಯನ್ನು ಒಂಟಿಯಾಗಿ ಬಿತ್ತುವುದಿಲ್ಲ. ಆರು ಸಾಲು ರಾಗಿ, ಆಮೇಲೆ ಒಂದು ಸಾಲು ಅಕ್ಕಡಿ. ಅಕ್ಕಡಿ ಎಂದರೆ ಅವರೆ, ತೊಗರಿ, ಜೋಳ, ಸಾಸಿವೆ, ಹುಚ್ಚೆಳ್ಳು, ಹೀಗೆ ಮನೆಗೆ ಬೇಕಾದ ಕಾಳುಕಡ್ಡಿ. ಕೂರಿಗೆಯ ಹಿಂದೆ ನಡೆಯುತ್ತಾ ಅಕ್ಕಡಿ ಕಾಳು ಬಿಡುವುದರಲ್ಲಿ ಈ ಕೈಯನ್ನು ಮೀರಿಸುವವರು ಇರಲಿಲ್ಲ. ಎರಡು ವರ್ಷದ ಹಿಂದೆ ನನ್ನ ಮಂಡಿ ಹಿಡಿದುಕೊಂಡಿತು. "ನೀ ಕುಂತ್ಕ ಅಜ್ಜಿ, ನಾ ಬಿತ್ತೀನಿ" ಎಂದಳು. ಕೂತೆ. ಅದೇ ನನ್ನ ತಪ್ಪು.

ಆ ಮಹಾರಾಯಿತಿಗೆ ಎಲ್ಲ ಕಾಳಿನ ಮೇಲೂ ಪ್ರೀತಿ. ರಾಗಿಗೆ ಆರು ಸಾಲು, ಸಾಸಿವೆಗೆ ಚಿಟಿಕೆ ಎಂದರೆ ಅದು ಅನ್ಯಾಯವಂತೆ! ಏಳು ಬೀಜವನ್ನೂ ಸೇರಿಗೆ ಸೇರು ಸಮಸಮ ಬೆರೆಸಿ, ಮುಕ್ಕಾಲು ಎಕರೆಗೆ ಎರಚಿಬಿಟ್ಟಳು. ಮಳೆಯೂ ಚೆನ್ನಾಗಿ ಬಂತು, ನಮ್ಮ ಗ್ರಹಚಾರಕ್ಕೆ. ಸಾಸಿವೆ ಎದ್ದು ರಾಗಿಯ ಕತ್ತು ಹಿಸುಕಿತು. ಜೋಳ ನೆರಳು ಹಾಕಿತು. ಅವರೆ ಎಲ್ಲರ ಹೆಗಲ ಮೇಲೂ ಹತ್ತಿ ಕೂತಿತು. ಕಳೆ ಕೀಳಲು ಬಂದ ಮಾದಮ್ಮ ಬದುವಿನ ಮೇಲೆ ನಿಂತು, "ಅಜ್ಜಿ, ಇದ್ರಲ್ಲಿ ಕಳೆ ಯಾವ್ದು, ಬೆಳೆ ಯಾವ್ದು? ಅದ್ನ ಏಳು, ಕೀಳ್ತೀನಿ" ಎಂದಳು. ನನಗೂ ಗೊತ್ತಾಗಲಿಲ್ಲ. ಆ ವರ್ಷ ನಮಗೆ ಬಂದ ರಾಗಿಯಲ್ಲಿ ಹತ್ತು ದಿನದ ಹಿಟ್ಟು ಬೀಸಿಕೊಂಡೆವು. ಸಾಸಿವೆ ಮಾತ್ರ ಊರಿಗೆಲ್ಲ ಹಂಚಿದರೂ ಮುಗಿಯಲಿಲ್ಲ. ಸಾಸಿವೆಯ ಮುದ್ದೆ ಕಟ್ಟಲು ಬರುತ್ತದೆಯೇ?

ಆವತ್ತು ಅವಳನ್ನು ಬದುವಿನ ಮೇಲೆ ಕೂರಿಸಿ ಹೇಳಿದೆ. "ನೋಡಮ್ಮಿ, ಅಕ್ಕಡಿ ಇರ್ಬೇಕು. ಬ್ಯಾಡ ಅನ್ನಾಕಿಲ್ಲ. ಆದ್ರೆ ಒಲ ಅಂದ್ಮ್ಯಾಲೆ ರಾಗಿ ಒಂದ್ ಇರ್ಬೇಕು. ರಾಗಿ ಇಲ್ದೆ ಬರೀ ಅಕ್ಕಡಿ ಬಿತ್ತುದ್ರೆ ಅದು ಒಲ ಅಲ್ಲ, ಪೊದೆ."

ಅವಳು ತಲೆ ತಗ್ಗಿಸಿ ಕೇಳಿದಳು. ನಾನು ಬೆಳೆಯ ಮಾತು ಹೇಳಿದ್ದೆ. ಅವಳು ಅದನ್ನು ತನ್ನ ಬಗ್ಗೆಯೇ ಹೇಳಿದ ಮಾತೆಂದು ಎದೆಗೆ ಹಾಕಿಕೊಂಡಿದ್ದಳು ಎಂದು ನನಗೆ ಆಗ ಗೊತ್ತಾಗಲಿಲ್ಲ.

ನನ್ನ ಹೆಬ್ಬೆರಳೂ ಆ ಹನ್ನೊಂದರಲ್ಲಿ ಒಂದು ಎಂದರೆ ನಂಬುತ್ತೀರಾ? ರೇಷನ್ ಅಂಗಡಿಗೆ ಬೆರಳು ಒತ್ತುವ ಮಿಷನ್ನು ಬಂದಾಗ ಅದಕ್ಕೆ ನನ್ನ ಬೆರಳು ಸಿಗಲಿಲ್ಲ. ಐವತ್ತು ವರ್ಷ ಕಳೆ ಕಿತ್ತ ಬೆರಳಿನಲ್ಲಿ ಗೆರೆ ಎಲ್ಲಿ ಉಳಿದಿರುತ್ತದೆ? ಹೆಬ್ಬೆರಳು ಒತ್ತಿದೆ, ತೋರುಬೆರಳು ಒತ್ತಿದೆ, ಹತ್ತೂ ಒತ್ತಿದೆ. ಮಿಷನ್ನು ಇಲ್ಲ ಇಲ್ಲ ಎಂದು ಕೆಂಪು ದೀಪ ತೋರಿಸಿತು. ಹಿಂದೆ ನಿಂತವರು, "ಅಜ್ಜಿ, ಕಾಲ್ಬೆರ್ಳು ಒತ್ತಿ ನೋಡು" ಎಂದು ನಕ್ಕರು. ನಾನೂ ನಕ್ಕೆ. ಮೊಮ್ಮಗಳು ನಗಲಿಲ್ಲ. ಮನೆಗೆ ಬಂದವಳೇ ನನ್ನ ಹೆಬ್ಬೆರಳನ್ನು ಹಿಡಿದುಕೊಂಡು ತಿರುಗಿಸಿ ಮುರುಗಿಸಿ ನೋಡಿ, ಚಿಕಿತ್ಸೆ ಶುರು ಮಾಡಿದಳು. ಬೆಳಿಗ್ಗೆ ಬೆಣ್ಣೆ, ಸಂಜೆ ಹರಳೆಣ್ಣೆ, ನಡುವೆ ಬಟ್ಟೆ ಸುತ್ತಿ ಕಟ್ಟು. ಎರಡು ವಾರ ಪಾತ್ರೆ ಮುಟ್ಟುವ ಹಾಗಿಲ್ಲ! ಸೊಸೆಗೆ ಪಿತ್ತ ನೆತ್ತಿಗೇರಿತು. "ಅಜ್ಜಿ ಬೆರ್ಳು ಬಾಣಂತಿ ಆಗ್ಬುಟ್ಟದೆ" ಎಂದು ಮಾದಮ್ಮ ಕೇರಿಗೆಲ್ಲ ಸಾರಿದಳು. ಎರಡು ವಾರದ ಮೇಲೆ ಹೋಗಿ ಒತ್ತಿದೆವು. ಬೆರಳು ಬೆಣ್ಣೆಯಂತೆ ಮೆತ್ತಗಾಗಿತ್ತು. ಗೆರೆ ಮಾತ್ರ ಬರಲಿಲ್ಲ. ಅಕ್ಕಿ ಅವಳ ಬೆರಳಿನ ಮೇಲೆ ಬಂತು. ನನ್ನ ಮೊಮ್ಮಗಳು ಸೋತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಹೀಗೆ ನಗುನಗುತ್ತಾ ಇರುವಾಗ ಬಂತು ಆ ಕಾಗದ. ಬಸ್ ಸ್ಟಾಪಿನ ಪಕ್ಕದಲ್ಲಿ ನಮ್ಮ ಹೆಂಗಸರ ಸಂಘಕ್ಕೆ ಸೇರಿದ ಒಂದು ಕೋಣೆಯಿದೆ. ಅದನ್ನು ಏನಾದರೂ ಕಸುಬು ಗೊತ್ತಿರುವ ಹೆಣ್ಣುಮಗಳೊಬ್ಬಳಿಗೆ ಅಂಗಡಿ ಇಡಲು ಕೊಡುವುದೆಂದು ತೀರ್ಮಾನವಾಯಿತು. ಅರ್ಜಿ ತಮಿಳಿನಲ್ಲಿತ್ತು. ಹೆಸರು, ಅಪ್ಪನ ಹೆಸರು, ಊರು, ಎಲ್ಲ ನಮ್ಮ ಹುಡುಗಿ ತುಂಬಿದಳು. ಆಮೇಲೆ "ತೊಳಿಲ್" ಎಂದಿತ್ತು, ಅಂದರೆ ಕಸುಬು. ಅದರ ಮುಂದೆ ಒಂದೇ ಒಂದು ಗೆರೆ. ನನ್ನ ಕಿರುಬೆರಳಿನಷ್ಟು ಉದ್ದ. ಹನ್ನೊಂದು ಹುಚ್ಚಿಗೆ ಕಿರುಬೆರಳಿನಷ್ಟು ಗೆರೆ!

ಮೂರು ದಿನ ಆ ಗೆರೆಯ ಮುಂದೆ ಪೆನ್ನು ಹಿಡಿದು ಕೂತಳು. ಹೊಲಿಗೆ ಎಂದು ಬರೆಯಲು ಹೋದಳು, "ನಾ ಒಂದ್ ಒಸ ರವ್ಕೆನಾದ್ರೂ ಒಲ್ದಿದ್ದೀನಾ?" ಎಂದು ಬಿಟ್ಟಳು. ಕೋಳಿ ಎಂದರೆ ಡಾಕ್ಟರ ಕಾಗದ ಬೇಕಂತೆ. ಸೊಸೆ ತಾಳ್ಮೆ ಕಳೆದುಕೊಂಡಳು. "ಸೋಮ್ವಾರ ತಿರುಪ್ಪೂರಿನ ಬನಿಯನ್ ಕಂಪನಿ ವ್ಯಾನು ಬತ್ತದೆ, ಅತ್ಕೊಂಡ್ ಓಗು. ಅಲ್ಲಿ ಒಬ್ಳು ದಿನವೆಲ್ಲ ಕತ್ತು ಒಲೀತಾಳೆ, ಒಬ್ಳು ದಿನವೆಲ್ಲ ತೋಳು ಒಲೀತಾಳೆ. ಒಂದೇ ಕೆಲ್ಸ. ಬುದ್ಧಿ ಒಂದ್ಕಡೆ ನಿಲ್ತದೆ."

ಇವಳು ಅಲ್ಲಿಗೆ ಹೋದರೆ ಮಧ್ಯಾಹ್ನದ ಊಟದೊಳಗೆ ಮಿಷನ್ನನ್ನೇ ಬಿಚ್ಚಿ ಹರಡಿಕೊಂಡು ಕೂತಿರುತ್ತಾಳೆ ಎಂದು ನಾನು ನಕ್ಕೆ. ಅವಳು ನಗಲಿಲ್ಲ. ಒಳಗೆ ಹೋಗಿ ಚೀಲಕ್ಕೆ ಬಟ್ಟೆ ತುಂಬಿದಳು. ಆಮೇಲೆ ನನ್ನ ಪಕ್ಕ ಬಂದು ಕೂತು ಮೆಲ್ಲಗೆ ಅಂದಳು. "ಅಜ್ಜಿ, ಎಲ್ಲಾನೂ ಮುಟ್ದೆ, ಒಂದ್ನೂ ಇಡ್ಕಳ್ನಿಲ್ಲ. ನೀ ಏಳುದ್ದೇ ಸರಿ. ನಾ ಪೊದೆ ಕಣಜ್ಜಿ."

ನನ್ನ ನಾಲಿಗೆಯನ್ನು ಕಿತ್ತು ಸಾಸಿವೆ ಡಬ್ಬಕ್ಕೆ ಹಾಕಬೇಕು ಅನ್ನಿಸಿತು.

ಶನಿವಾರ ಸಂಘದ ಸಭೆ. ನಾನೇ ಕೈಹಿಡಿದು ಎಳೆದುಕೊಂಡು ಹೋದೆ, ಖಾಲಿ ಗೆರೆಯ ಅರ್ಜಿಯ ಸಮೇತ. ಸಂಘದ ಅಧ್ಯಕ್ಷೆಯನ್ನು ನಾವು ತಲೈವಿ ಎನ್ನುತ್ತೇವೆ. ಬಹಳ ಕಟ್ಟುನಿಟ್ಟು. ಅರ್ಜಿ ನೋಡಿದರು, ಹುಬ್ಬು ಗಂಟಿಕ್ಕಿದರು. "ಇದೇನಿದು, ತೊಳಿಲ್ ಬರ್ದೇ ಇಲ್ವಲ್ಲ? ಏನ್ ಮಾಡ್ತಾಳೆ ನಿಮ್ ಉಡ್ಗಿ?"

ನಾನು ಬಾಯಿ ತೆರೆಯುವ ಮೊದಲೇ ಮಾದಮ್ಮ ಎದ್ದಳು. "ಟೈಲ್ರು ಅಂತ ಬರ್ಕಳಿ. ನನ್ ರವ್ಕೆ ಸರಿ ಮಾಡ್ಕೊಟ್ಟೋಳು ಅವ್ಳೇಯ."

"ಯಾವ್ ಟೈಲ್ರು? ಕೋಳಿ ಡಾಕ್ಟ್ರು ಅಂತ ಬರೀರಿ! ನನ್ ಯಾಟೆ ಕೋಳಿ ಕಣ್ ಸರಿ ಮಾಡಿದ್ಲು" ಎಂದು ಇನ್ನೊಬ್ಬಳು ಎದ್ದಳು.

"ನಿನ್ ಯಾಟೆ ಮನೆ ಆಳಾಗ! ಮಿಕ್ಸಿ ಅಂತ ಬರೀರಿ ಅಕ್ಕ. ಮೂರ್ ವರ್ಸ ಅಟ್ಟದ ಮ್ಯಾಲಿತ್ತು, ಸರಿ ಮಾಡಿದ್ಲು."

"ಪದ ಸರಿ ಮಾಡ್ನಿಲ್ವಾ?"

"ಆ ಪದದ್ ಸುದ್ದಿ ಎತ್ಬ್ಯಾಡ, ನಮ್ ಮುಹೂರ್ತ ಕೆಡುಸ್ದೋಳು!"

ಜಗಳ ಹತ್ತಿಕೊಂಡಿತು ನೋಡಿ! ನನ್ನ ಮೊಮ್ಮಗಳು ಏನೂ ಅಲ್ಲ ಎಂದು ಕೊರಗುತ್ತಿದ್ದರೆ, ಅವಳು ಏನು ಎಂಬುದಕ್ಕೆ ಹದಿನೆಂಟು ಹೆಂಗಸರು ಜುಟ್ಟು ಹಿಡಿಯಲು ತಯಾರಾಗಿದ್ದರು. ನಾನು ಸುಮ್ಮನೆ ಕೂತು ಕೇಳಿದೆ. ರವಿಕೆ ಸರಿ ಮಾಡಿದಳು. ಕಣ್ಣು ಸರಿ ಮಾಡಿದಳು. ಮಿಕ್ಸಿ ಸರಿ ಮಾಡಿದಳು. ಒಬ್ಬಳಾದರೂ "ಹೊಸದು ಮಾಡಿಕೊಟ್ಟಳು" ಎನ್ನಲಿಲ್ಲ. ಅಯ್ಯೋ ಶಿವನೇ! ಐವತ್ತು ವರ್ಷ ಹೊಲದಲ್ಲಿ ಬಾಗಿದ ಈ ಕಣ್ಣಿಗೆ ಇದು ಕಾಣಲಿಲ್ಲವೇ? ಟಪ್ಪೆಂದು ಎದ್ದು ನಿಂತೆ. ಮಂಡಿ ನೋವೂ ಮರೆತುಹೋಗಿತ್ತು.

"ಏ, ಬಾಯ್ ಮುಚ್ರಮ್ಮಿ! ನೀವೆಲ್ಲ ಏಳ್ತಿರಾದು ಅಕ್ಕಡಿ. ಒಬ್ಳು ಅವ್ರೆ ನೋಡಿದ್ಲು, ಒಬ್ಳು ತೊಗ್ರಿ ನೋಡಿದ್ಲು. ರಾಗಿ ಯಾರೂ ನೋಡ್ನಿಲ್ಲ, ನಾನೂ ನೋಡ್ನಿಲ್ಲ! ಕೆಟ್ಟೋಗಿರಾದ್ನ ಸರಿ ಮಾಡಾದು ಕಣ್ರಮ್ಮಿ, ಅದೇ ಅವ್ಳ್ ರಾಗಿ! ತಲೈವಿ, ರಿಪೇರಿ ಅಂತ ಬರ್ಕಳಿ."

ತಲೈವಿ ಪೆನ್ನು ಎತ್ತಲಿಲ್ಲ. "ರಿಪೇರಿ ಅಂದ್ರೆ? ಏನ್ ರಿಪೇರಿ? ಏನಾದ್ರೂ ಒಂದ್ ಬೇಕಲ್ಲಜ್ಜಿ. ಎಲ್ಲಿ, ಉಡ್ಗೀನೇ ಏಳ್ಲಿ."

ಹುಡುಗಿ ಎಲ್ಲಿ? ಇಲ್ಲ! ಇಷ್ಟು ಹೊತ್ತು ನನ್ನ ಪಕ್ಕದಲ್ಲಿದ್ದವಳು ಮಾಯ. ವ್ಯಾನು ಇವತ್ತೇ ಬಂತೇ? ಬಾಗಿಲ ಕಡೆ ಓಡಿದೆ. ಹಿಂದೆ ಸಂಘವೇ ಓಡಿ ಬಂತು.

ಹೊಸ್ತಿಲ ಆಚೆ, ರಾಶಿ ಬಿದ್ದ ಚಪ್ಪಲಿಗಳ ನಡುವೆ ನಮ್ಮ ಮಹಾರಾಯಿತಿ ಕೂತಿದ್ದಳು. ಮಡಿಲಲ್ಲಿ ತಲೈವಿಯ ಎಡಗಾಲಿನ ಚಪ್ಪಲಿ. ಕಿತ್ತುಹೋದ ಉಂಗುಷ್ಟಕ್ಕೆ ಸೇಫ್ಟಿ ಪಿನ್ನು ಚುಚ್ಚಿಕೊಂಡು ಎಷ್ಟು ದಿನದಿಂದ ನಡೆಯುತ್ತಿದ್ದರೋ ಪಾಪ! ಹುಡುಗಿ ಪಿನ್ನು ಕಿತ್ತು ಎಸೆದು, ಹಲ್ಲಿನಲ್ಲಿ ದಾರ ಕಚ್ಚಿಕೊಂಡು ದಪ್ಪ ಸೂಜಿಯಲ್ಲಿ ಹೊಲಿಯುತ್ತಿದ್ದಳು. ನಾವು ಇಪ್ಪತ್ತು ಜನ ಬಾಗಿಲಲ್ಲಿ ತುಂಬಿಕೊಂಡು ನೋಡುತ್ತಿದ್ದರೂ ತಲೆ ಎತ್ತಲಿಲ್ಲ.

"ಏನಮ್ಮಿ ಮಾಡ್ತಿದ್ದೀಯೆ?" ಎಂದೆ.

"ಒಳಗ್ ನೀವ್ ಜಗಳ ಆಡ್ತಿದ್ರಿ. ಇದು ಕಿತ್ತೋಗಿತ್ತು" ಎಂದಳು.

ತಲೈವಿ ಚಪ್ಪಲಿ ಮೆಟ್ಟಿಕೊಂಡರು. ನಾಲ್ಕು ಹೆಜ್ಜೆ ಆ ಕಡೆ, ನಾಲ್ಕು ಹೆಜ್ಜೆ ಈ ಕಡೆ. ಒಳಗೆ ಹೋಗಿ ಆ ಗೆರೆಯ ಮೇಲೆ ರಿಪೇರಿ ಎಂದು ಬರೆದರು. ಗೆರೆ ತುಂಬಿ ಇನ್ನೂ ಜಾಗ ಉಳಿಯಿತು! ಸೋಮವಾರ ವ್ಯಾನು ಬಂತು, ಹಾರನ್ ಹೊಡೆಯಿತು, ಹೋಯಿತು. ಸೊಸೆ ಬೈಯುತ್ತಲೇ ಚೀಲದ ಬಟ್ಟೆ ತೆಗೆದು ಗಳದ ಮೇಲೆ ಹಾಕಿದಳು. ಹಾಕುವಾಗ ಕಣ್ಣು ಒರೆಸಿಕೊಂಡದ್ದನ್ನು ನಾನು ನೋಡಿದೆ, ನೋಡಲಿಲ್ಲ ಎಂದು ನಟಿಸಿದೆ.

ಹೋದ ವಾರ ಅಂಗಡಿ ತೆರೆಯಿತು. ಮೊದಲ ದಿನವೇ ಎರಡು ಛತ್ರಿ, ಒಂದು ಕುಕ್ಕರು, ಒಂದು ಮೇಕೆ. ಇಂಥ ಅಂಗಡಿ ಎಲ್ಲಾದರೂ ಕಂಡಿದ್ದೀರಾ? ಸಂತೋಷಕ್ಕೆ ನನಗೆ ಮೂರು ದಿನದಿಂದ ಮುದ್ದೆ ಸೇರುತ್ತಿಲ್ಲ!

ಒಂದು ಮಾತು ಉಳಿದಿದೆ. ಅಂಗಡಿಗೆ ಬೋರ್ಡು ಬೇಕಿತ್ತು. ತಮಿಳನ್ನು ಅವಳೇ ಬರೆದಳು. ಕೆಳಗೆ ಕನ್ನಡಕ್ಕೆ ಜಾಗ ಬಿಟ್ಟು ಕುಂಚವನ್ನು ನನ್ನ ಕೈಗೆ ಕೊಟ್ಟಳು. ನಾನು ಓದಿದ್ದ ಮೂರನೇ ಕ್ಲಾಸು ಕಳೆಯ ಜೊತೆಯಲ್ಲೇ ಎಲ್ಲೋ ಕಿತ್ತುಹೋಗಿತ್ತು. ಮಿಷನ್ನು ನನ್ನ ಬೆರಳನ್ನು ಒಪ್ಪದ ಆ ವರ್ಷ, ಬೆಣ್ಣೆ ಸೋತ ಮಾರನೇ ದಿನ, ಅವಳು ಸ್ಲೇಟು ತಂದು ಮುಂದಿಟ್ಟಿದ್ದಳು. "ಬೆರ್ಳಿನ್ ಗೆರೆ ಓಗ್ಲಿ ಬುಡು. ಎಸ್ರು ಬರಿ ಅಜ್ಜಿ" ಎಂದಿದ್ದಳು. ಅವಳಿಗೆ ಶಾಲೆಯಲ್ಲಿ ಕನ್ನಡ ಅಕ್ಷರ ಕಲಿಸಿರಲಿಲ್ಲ. ನನಗೆ ಕಲಿಸಬೇಕೆಂದೇ ಹಗಲು ತಾನು ಕಲಿತು, ಸಂಜೆ ನನಗೆ ಹೇಳಿಕೊಟ್ಟಳು. ಅವಳ ಹುಚ್ಚುಗಳಲ್ಲಿ ಅದೊಂದನ್ನು ಇವತ್ತಿನವರೆಗೂ ಬಿಟ್ಟಿಲ್ಲ. ಬಿಟ್ಟಿದ್ದರೆ ನೀವು ಇದನ್ನು ಓದುತ್ತಿರಲಿಲ್ಲ.

ಕುಂಚವನ್ನು ಬಣ್ಣಕ್ಕೆ ಅದ್ದಿದೆ. ಬರೆದೆ, "ರಿಪೇರಿ". ರಿ ವಾಲಿತು, ಪೇ ಉಬ್ಬಿತು. ಬೋರ್ಡು ಎತ್ತಿ ನಿಲ್ಲಿಸುವಾಗ ಹಸಿ ಬಣ್ಣದ ಅಂಚಿಗೆ ನನ್ನ ಹೆಬ್ಬೆರಳು ತಗುಲಿ, ದೊಡ್ಡದಾಗಿ ಅಚ್ಚು ಬಿತ್ತು. ಒಂದು ಗೆರೆಯೂ ಇಲ್ಲದ ಬೋಳು ಹೆಬ್ಬೆಟ್ಟು. "ಅಯ್ಯೋ, ಕೆಡುಸ್ಬುಟ್ನಲ್ಲಾ!" ಎಂದು ಸೆರಗಿನಿಂದ ಒರೆಸಲು ಹೋದೆ.

ಅವಳು ನನ್ನ ಕೈ ಹಿಡಿದುಕೊಂಡಳು. ಎರಡು ವಾರ ಬೆಣ್ಣೆ ಹಚ್ಚಿದ ಅದೇ ಬೆರಳನ್ನು ಮುಚ್ಚಿ ಹಿಡಿದುಕೊಂಡಳು.

"ಬುಡಜ್ಜಿ, ಒರುಸ್ಬ್ಯಾಡ" ಎಂದಳು. "ಅದು ಕೆಟ್ಟಿಲ್ಲ."